ಮನೆಮಂದಿಯ ಆಟ, ಪಳಗಿದವರ ದೂರು

2004ರ ಮೇ ತಿಂಗಳು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ವಿಡಿಯೋ ಗೇಮ್ ಉದ್ಯಮದ ವಾರ್ಷಿಕ ಮೇಳ ನಡೆದಿತ್ತು. ಜಪಾನಿನ ನಿಂಟೆಂಡೊ ಕಂಪನಿ ತನ್ನ ಮುಂದಿನ 'ಜೆಲ್ಡಾ' ಸಾಹಸದ ಆಟದ ಒಂದು ತುಣುಕನ್ನು ಅಲ್ಲಿ ತೋರಿಸಿದಾಗ ಸಭಾಂಗಣ ಹುಚ್ಚೆದ್ದು ಕೂಗಿತು. ಆ ಆಟಮಾಲೆಯ ಜನಕರಲ್ಲೊಬ್ಬರಾದ ಶಿಗೆರು ಮಿಯಾಮೊಟೊ ಕತ್ತಿ-ಗುರಾಣಿ ಹಿಡಿದು ವೇದಿಕೆಗೆ ಬಂದರು. ನಾಲ್ಕು ವರ್ಷ ಕಳೆದು, 2008ರ ಜುಲೈನಲ್ಲಿ, ಅದೇ ಮೇಳಕ್ಕೆ ಅದೇ ಮಿಯಾಮೊಟೊ 'ವೀ ಮ್ಯೂಸಿಕ್' ಎಂಬ ಆಟ ತಂದರು. ಕೈಯಲ್ಲಿ ರಿಮೋಟ್ ಹಿಡಿದು, ವಾದ್ಯ ನುಡಿಸುವಂತೆ ಗಾಳಿಯಲ್ಲಿ ಕೈಯಾಡಿಸಿದರೆ ಸಂಗೀತ ಹೊಮ್ಮುವ ಆಟ ಅದು. ನುಡಿಸುವುದರಲ್ಲಿ ಸೋಲೂ ಇಲ್ಲ, ಗೆಲುವೂ ಇಲ್ಲ. ಈ ಸಲ ಹಳೆಯ ಅಭಿಮಾನಿಗಳಿಗೆ ಉತ್ಸಾಹವೇ ಬರಲಿಲ್ಲ. "ಕಂಪನಿ ನಮ್ಮನ್ನು ಮರೆಯಿತು" ಎಂಬ ಮಾತು ಆ ಬೇಸಿಗೆಯಿಡೀ ಆಟಗಾರರ ನಡುವೆ ಓಡಾಡಿತು.

ಸೋಜಿಗವೆಂದರೆ, ಆ ಹೊತ್ತಿಗೆ ಜಗತ್ತಿನ ಅಂಗಡಿಗಳಲ್ಲಿ ಅತಿ ಹೆಚ್ಚು ಬೇಡಿಕೆಯಿದ್ದ ಆಟದ ಯಂತ್ರ ಅದೇ ಕಂಪನಿಯ 'ವೀ'. ಅಜ್ಜಿ-ತಾತಂದಿರು, ಗೃಹಿಣಿಯರು, ಎಂದೂ ಆಟದ ಗುಂಡಿ ಒತ್ತಿರದ ಜನ ಅದನ್ನು ಕೊಳ್ಳಲು ಸಾಲು ನಿಂತಿದ್ದರು. ಹೊಸಬರು ಇಷ್ಟೊಂದು ಸಂಖ್ಯೆಯಲ್ಲಿ ಬಂದಾಗಲೇ ಹಳಬರು ಅನಾಥರಾದೆವೆಂದು ಭಾವಿಸಿದ್ದೇಕೆ? ಎಲ್ಲರಿಗಾಗಿ ಮಾಡಿದ ಯಂತ್ರ, ಆಟವನ್ನೇ ಉಸಿರಾಗಿಸಿಕೊಂಡವರನ್ನು ಕಡೆಗಣಿಸಲೇಬೇಕೆ? ಈ ಪ್ರಶ್ನೆಗೆ ಕಳೆದ ನಾಲ್ಕು ದಶಕಗಳ ಇತಿಹಾಸದಲ್ಲಿ ಉತ್ತರವಿದೆ. ಅದು ದೂರುವವರು ಹೇಳುವಷ್ಟು ಸರಳವಲ್ಲ, ಕಂಪನಿಗಳು ಸಮಜಾಯಿಷಿ ಕೊಡುವಷ್ಟು ಸುಲಭವೂ ಅಲ್ಲ.

ಇಲ್ಲಿ 'ಕಟ್ಟಾ ಆಟಗಾರ' ಎಂದರೆ ಯಾರು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ವರ್ಷಕ್ಕೆ ಒಂದು ಆಟ ಕೊಂಡು ಹಬ್ಬದ ದಿನ ನೆಂಟರೊಡನೆ ಆಡಿ ಎತ್ತಿಡುವವನು ಬಿಡುವಿನ ಆಟಗಾರ. ನೂರು ಗಂಟೆ ಹಿಡಿಯುವ ಕಥೆಯನ್ನು ಕೊನೆಯವರೆಗೂ ಆಡುವವನು, ಒಂದೇ ಆಟದ ಪಟ್ಟುಗಳನ್ನು ವರ್ಷಗಟ್ಟಲೆ ಸಾಧನೆ ಮಾಡುವವನು, ಹೊಸ ಆಟವನ್ನು ಹಳೆಯದರೊಡನೆ ಹೋಲಿಸಿ ತೂಗಬಲ್ಲವನು ಕಟ್ಟಾ ಆಟಗಾರ. ಸಂಗೀತ ಕಛೇರಿಯಲ್ಲಿ ರಾಗ-ತಾನ-ಪಲ್ಲವಿಗಾಗಿ ಕಾದು ಕೂರುವ ರಸಿಕನನ್ನು ನೆನೆಸಿಕೊಂಡರೆ ಸಾಕು. ದೇವರನಾಮಗಳ ಬಗ್ಗೆ ಅವನಿಗೆ ದ್ವೇಷವಿಲ್ಲ. ಆದರೆ ಸಂಜೆಯಿಡೀ ಅವನ್ನಷ್ಟೇ ಹಾಡಿ ಮಂಗಳ ಹಾಡಿದರೆ ಅವನು ನಿರಾಸೆಯಿಂದ ಎದ್ದುಹೋಗುತ್ತಾನೆ.

ಎಲೆ ಆಟದಿಂದ ಫ್ಯಾಮಿಕಾಮ್‌ವರೆಗೆ

ನಿಂಟೆಂಡೊ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ. ಆಗ ಅದು ಹೂವಿನ ಚಿತ್ರಗಳಿರುವ 'ಹನಾಫುದಾ' ಎಂಬ ಎಲೆಗಳನ್ನು ತಯಾರಿಸುವ ಚಿಕ್ಕ ಉದ್ಯಮ. 1949ರಲ್ಲಿ ಸಂಸ್ಥಾಪಕರ ಮರಿಮಗ ಹಿರೋಶಿ ಯಾಮಾಉಚಿ ಅಧಿಕಾರ ವಹಿಸಿಕೊಂಡು 2002ರವರೆಗೆ ಅದನ್ನು ನಡೆಸಿದರು. ಅವರ ಕಾಲದಲ್ಲೇ ಕಂಪನಿ ಇಸ್ಪೀಟಿನಿಂದ ಆಟಿಕೆಗಳಿಗೆ, ಆಟಿಕೆಗಳಿಂದ ಎಲೆಕ್ಟ್ರಾನಿಕ್ ಆಟಗಳಿಗೆ ಹೊರಳಿತು.

ಕಂಪನಿಯ ತಂತ್ರಜ್ಞ ಗುನ್‌ಪೆ ಯೊಕೊಯಿ ಅವರದ್ದು ಒಂದು ಪ್ರಸಿದ್ಧ ಸೂತ್ರ. ಎಲ್ಲರಿಗಿಂತ ಹೊಸ ತಂತ್ರಜ್ಞಾನದ ಹಿಂದೆ ಓಡಬೇಡಿ. ಹಳತಾಗಿ, ಅಗ್ಗವಾಗಿ, ಚೆನ್ನಾಗಿ ಪಳಗಿದ ತಂತ್ರಜ್ಞಾನಕ್ಕೆ ಯಾರೂ ಊಹಿಸದ ಹೊಸ ಬಳಕೆ ಹುಡುಕಿ ಎಂಬುದು ಅದರ ತಿರುಳು. ಕ್ಯಾಲ್ಕುಲೇಟರಿನ ಪರದೆಯನ್ನು ಬಳಸಿ 1980ರಲ್ಲಿ ಬಂದ ಕಿಸೆಯೊಳಗಿನ ಆಟ 'ಗೇಮ್ ಅಂಡ್ ವಾಚ್' ಈ ಸೂತ್ರದ ಫಲ. 1989ರ 'ಗೇಮ್‌ಬಾಯ್' ಕೂಡ ಹಾಗೆಯೇ. ಎದುರಾಳಿಗಳು ಬಣ್ಣದ ಪರದೆ ಕೊಟ್ಟರೂ ಈ ಕಪ್ಪು-ಬಿಳುಪಿನ ಯಂತ್ರವೇ ಗೆದ್ದಿತು. ಅದು ಅಗ್ಗವಾಗಿತ್ತು, ಬ್ಯಾಟರಿ ಹೆಚ್ಚು ಹೊತ್ತು ಬರುತ್ತಿತ್ತು, ಜೊತೆಗೆ ಯಾರು ಬೇಕಾದರೂ ಒಂದು ನಿಮಿಷದಲ್ಲಿ ಕಲಿಯಬಹುದಾದ 'ಟೆಟ್ರಿಸ್' ಇತ್ತು.

1983ರ ಜುಲೈನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಕಂಪನಿಯ ಮುಖ್ಯ ಯಂತ್ರದ ಹೆಸರೇ 'ಫ್ಯಾಮಿಲಿ ಕಂಪ್ಯೂಟರ್'. ಜನರ ಬಾಯಲ್ಲಿ ಅದು 'ಫ್ಯಾಮಿಕಾಮ್' ಆಯಿತು. ಅಮೆರಿಕದಲ್ಲಿ ಅದೇ ವರ್ಷ ಕಳಪೆ ಆಟಗಳು ಮಿತಿಮೀರಿ, ಅಟಾರಿಯಂಥ ಕಂಪನಿಗಳು ಮುಳುಗಿ, ಅಂಗಡಿಯವರು ವಿಡಿಯೋ ಗೇಮ್ ಎಂಬ ಮಾತಿಗೇ ಬೆಚ್ಚಿಬೀಳುವ ಸ್ಥಿತಿ ಉಂಟಾಗಿತ್ತು. 1985ರಲ್ಲಿ ನಿಂಟೆಂಡೊ ಅಲ್ಲಿಗೆ ಕಾಲಿಟ್ಟು ಉದ್ಯಮಕ್ಕೆ ಮತ್ತೆ ಜೀವ ಕೊಟ್ಟಿತು. ಈ ಯಂತ್ರ ಒಟ್ಟು 6 ಕೋಟಿಗೂ ಹೆಚ್ಚು ಮಾರಾಟವಾಯಿತು. ಲೆಕ್ಕಕ್ಕೆ ಸಿಗದ ನಕಲುಗಳು ಬೇರೆ. 1990ರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗಳಲ್ಲಿ 'ಟೀವಿ ಗೇಮ್' ಎಂದು ಸಿಗುತ್ತಿದ್ದ, 'ಕ್ಯಾಸೆಟ್' ತುರುಕಿ ಆಡುವ ಪೆಟ್ಟಿಗೆಗಳಲ್ಲಿ ಬಹುಪಾಲು ಫ್ಯಾಮಿಕಾಮ್‌ನ ನಕಲುಗಳೇ. ಕನ್ನಡನಾಡಿನ ಒಂದು ತಲೆಮಾರು ಮಾರಿಯೋನನ್ನು ಮೊದಲು ಕಂಡದ್ದು ಅವುಗಳಲ್ಲಿ.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ಇಂದು ತಮ್ಮನ್ನು ಕಟ್ಟಾ ಆಟಗಾರರೆಂದು ಕರೆದುಕೊಳ್ಳುವ ಮಧ್ಯವಯಸ್ಕರಲ್ಲಿ ಹೆಚ್ಚಿನವರು ಇಂಥ ಮನೆಮಂದಿಯ ಯಂತ್ರಗಳ ಮಕ್ಕಳೇ. ಅಗ್ಗದ, ಎಲ್ಲರ ಕೈಗೆಟಕುವ ಪೆಟ್ಟಿಗೆಯೊಂದು ಕೋಟ್ಯಂತರ ಮನೆಗಳಿಗೆ ಹೋಗಿದ್ದರಿಂದಲೇ ಅವರಲ್ಲಿ ನೂರಕ್ಕೆ ಕೆಲವರು ಆಟವನ್ನು ಗಂಭೀರವಾಗಿ ತೆಗೆದುಕೊಂಡರು. ವಿಶಾಲ ಮಾರುಕಟ್ಟೆ ಅವರ ಶತ್ರುವಲ್ಲ, ತವರು.

ದಾಟಲಾಗದ ಕಡಲು

ಆದರೂ ದೂರು ಹೊಸದೇನಲ್ಲ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಅಪಾರ ಜನಪ್ರಿಯವಾದ ಮೇಲೆ, 1986ರಲ್ಲಿ ಜಪಾನಿನಲ್ಲಿ ಅದರ ಎರಡನೆಯ ಭಾಗ ಬಂದಿತು. ಮೊದಲನೆಯದನ್ನು ಅರೆದು ಕುಡಿದವರಿಗಾಗಿಯೇ ಮಾಡಿದ, ವಿಪರೀತ ಕಷ್ಟದ ಆಟ ಅದು. ನೋಡಲು ಹಿತವಾದ ಅಣಬೆ ಮುಟ್ಟಿದರೆ ಸಾವು. ಬೀಸುವ ಗಾಳಿ ಹಾರುವವನ ಲೆಕ್ಕ ತಪ್ಪಿಸುತ್ತದೆ. ಅಮೆರಿಕದ ಶಾಖೆಯವರು ಇದನ್ನು ಆಡಿ ನೋಡಿ, ನಮ್ಮ ಮಕ್ಕಳಿಗೆ ಇದು ಬೇಡ ಎಂದು ತೀರ್ಮಾನಿಸಿದರು. ಬೇರೊಂದು ಜಪಾನೀ ಆಟದ ಪಾತ್ರಗಳನ್ನು ಬದಲಾಯಿಸಿ, ಅದಕ್ಕೆ ಮಾರಿಯೋನ ವೇಷ ತೊಡಿಸಿ, 1988ರಲ್ಲಿ 'ಎರಡನೆಯ ಭಾಗ' ಎಂದು ಅಲ್ಲಿ ಮಾರಿದರು. ನಿಜವಾದ ಎರಡನೆಯ ಭಾಗ ಅಮೆರಿಕದವರಿಗೆ ಸಿಕ್ಕಿದ್ದು 1993ರಲ್ಲಿ, ಹಳೆಯ ಆಟಗಳ ಸಂಕಲನವೊಂದರಲ್ಲಿ.

ಕಥೆ ಹೇಳುತ್ತ ಸಾಗುವ, ದೀರ್ಘವಾದ ಪಾತ್ರಾಭಿನಯದ ಆಟಗಳಿಗೆ ಇನ್ನೂ ಕೆಟ್ಟ ಗತಿ ಬಂತು. 'ಫೈನಲ್ ಫ್ಯಾಂಟಸಿ' ಮಾಲೆಯ ಎರಡು, ಮೂರು ಮತ್ತು ಐದನೆಯ ಭಾಗಗಳು ಆ ಕಾಲದಲ್ಲಿ ಕಡಲು ದಾಟಲೇ ಇಲ್ಲ. ನಾಲ್ಕನೆಯದು 1991ರಲ್ಲಿ, ಕಷ್ಟದ ಅಂಶಗಳನ್ನು ಸಡಿಲಿಸಿಕೊಂಡು, 'ಎರಡನೆಯದು' ಎಂಬ ಹೆಸರಿನಲ್ಲಿ ಅಮೆರಿಕ ತಲುಪಿತು. ಆರನೆಯದಕ್ಕೆ ಅಲ್ಲಿ 'ಮೂರು' ಎಂಬ ಸಂಖ್ಯೆ. 1992ರಲ್ಲಂತೂ ಪಾಶ್ಚಾತ್ಯರನ್ನು ಇಂಥ ಆಟಕ್ಕೆ ಒಗ್ಗಿಸಲೆಂದು 'ಮಿಸ್ಟಿಕ್ ಕ್ವೆಸ್ಟ್' ಎಂಬ ಸರಳ ಪಾಠದ ಆಟವನ್ನೇ ಮಾಡಿ ಕಳಿಸಲಾಯಿತು. ಕಷ್ಟದ ಆಟ, ಉದ್ದದ ಆಟ ನಮ್ಮಲ್ಲಿ ನಡೆಯದು ಎಂದು ಮಾರಾಟ ವಿಭಾಗ ಮೊದಲೇ ನಿರ್ಧರಿಸಿಬಿಟ್ಟಿತ್ತು.

ಈ ನಂಬಿಕೆಯನ್ನು ಒಡೆದದ್ದು ಯಾವುದೋ ಶ್ರೀಮಂತರ ದುಬಾರಿ ಯಂತ್ರವಲ್ಲ ಎಂಬುದು ಗಮನಾರ್ಹ. 1994ರಲ್ಲಿ ಬಂದ ಸೋನಿಯ 'ಪ್ಲೇಸ್ಟೇಷನ್' ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಮಾರಾಟವಾದ, ಅಪ್ಪಟ ಜನಸಾಮಾನ್ಯರ ಯಂತ್ರ. 1997ರಲ್ಲಿ 'ಫೈನಲ್ ಫ್ಯಾಂಟಸಿ'ಯ ಏಳನೆಯ ಭಾಗವನ್ನು ಸೋನಿ ಸಿನಿಮಾಗಳಿಗೆ ಮಾಡುವಂಥ ಪ್ರಚಾರದೊಂದಿಗೆ ಅಮೆರಿಕಕ್ಕೆ ತಂದಿತು. ಮೂರು ಸಿ.ಡಿ.ಗಳಲ್ಲಿ ಹಬ್ಬಿದ ಆ ದೀರ್ಘ ಕಥೆಯನ್ನು ಸುಮಾರು ಒಂದು ಕೋಟಿ ಜನ ಕೊಂಡರು. ಹಿಂದೆ ಕೊರತೆಯಿದ್ದದ್ದು ಆಡುವವರದ್ದಲ್ಲ, ತಂದುಕೊಡುವವರ ಧೈರ್ಯದ್ದು.

2000ದಲ್ಲಿ ಬಂದ 'ಪ್ಲೇಸ್ಟೇಷನ್ 2' ಇನ್ನೂ ದೊಡ್ಡ ಉದಾಹರಣೆ. ಇದು 15.5 ಕೋಟಿಗೂ ಹೆಚ್ಚು ಮಾರಾಟವಾಯಿತು. ಡಿ.ವಿ.ಡಿ. ಸಿನಿಮಾ ನೋಡಲು ಅಗ್ಗದ ಸಾಧನವೆಂದು ಇದನ್ನು ಕೊಂಡ ಮನೆಗಳೂ ಅಸಂಖ್ಯ. ಮಾರುಕಟ್ಟೆ ಇದಕ್ಕಿಂತ ವಿಶಾಲವಾಗಲು ಸಾಧ್ಯವಿರಲಿಲ್ಲ. ಆದರೂ ಅಲ್ಲಿ ಕಟ್ಟಾ ಆಟಗಾರರಿಗೆ ಸುಗ್ಗಿ. ಮಾತೇ ಕಡಿಮೆಯಿರುವ ಕಾವ್ಯದಂಥ 'ಇಕೊ' (2001), ಹದಿನಾರು ದೈತ್ಯರನ್ನು ಏಕಾಂಗಿಯಾಗಿ ಎದುರಿಸುವ 'ಶ್ಯಾಡೊ ಆಫ್ ದಿ ಕೊಲೋಸಸ್' (2005), ಲೋಕದ ಸಾಮಾನುಗಳನ್ನೆಲ್ಲ ಉಂಡೆಕಟ್ಟುವ ವಿಚಿತ್ರ ಆಟ 'ಕಟಮಾರಿ ದಮಾಸಿ' (2004), ಲೆಕ್ಕಾಚಾರದ ಯುದ್ಧದ 'ಡಿಸ್‌ಗಾಯಾ' (2003) ಎಲ್ಲವೂ ಇದರಲ್ಲೇ ಬಂದವು. ಹಾಗಾದರೆ 'ಬಹುಜನರ ಯಂತ್ರ ಕಟ್ಟಾ ಆಟಗಾರರನ್ನು ಕಡೆಗಣಿಸುತ್ತದೆ' ಎಂಬ ನಿಯಮವೇ ಸುಳ್ಳೆನ್ನಬೇಕಾಗುತ್ತದೆ. 'ವೀ' ಯಂತ್ರದಲ್ಲಿ ಆದದ್ದೇ ಬೇರೆ.

ಇವಾಟ ಹಿಡಿದ ದಾರಿ

2002ರಲ್ಲಿ ಯಾಮಾಉಚಿ ನಿವೃತ್ತರಾದಾಗ ಸತೋರು ಇವಾಟ ನಿಂಟೆಂಡೊದ ಅಧ್ಯಕ್ಷರಾದರು. ಇವರು ಸ್ವತಃ ಪ್ರೋಗ್ರಾಮರ್. ಕಿರಿಯ ವಯಸ್ಸಿನಿಂದ ಆಟಗಳನ್ನು ಬರೆದವರು. ಕಂಪನಿಯ ಆಗಿನ ಯಂತ್ರ 'ಗೇಮ್‌ಕ್ಯೂಬ್' ತಾಂತ್ರಿಕವಾಗಿ ಚೆನ್ನಾಗಿಯೇ ಇತ್ತು, ಆದರೆ ಕೊನೆಗೆ ಮಾರಾಟವಾದದ್ದು 2.17 ಕೋಟಿ ಮಾತ್ರ. ಸೋನಿ, ಮೈಕ್ರೋಸಾಫ್ಟ್‌ಗಳ ಹಣಬಲದೆದುರು ಅದೇ ಓಟ ಓಡುವುದು ಕಷ್ಟವಿತ್ತು. ಜೊತೆಗೆ ಜಪಾನಿನಲ್ಲಿ ಆಟದ ಮಾರುಕಟ್ಟೆಯೇ ಕುಗ್ಗುತ್ತಿತ್ತು. ಆಟಗಳು ಜಟಿಲವಾಗಿ, ಕಂಟ್ರೋಲರಿನ ಗುಂಡಿಗಳು ಹೆಚ್ಚಾಗಿ, ಒಮ್ಮೆ ಬಿಟ್ಟವರು ಮತ್ತೆ ಬರುತ್ತಿರಲಿಲ್ಲ, ಹೊಸಬರಿಗೆ ಧೈರ್ಯವಾಗುತ್ತಿರಲಿಲ್ಲ. ಹೀಗೇ ಹೋದರೆ ಕಟ್ಟಾ ಆಟಗಾರರ ಸಣ್ಣ ಗುಂಪೊಂದೇ ಉಳಿದು, ಅದೂ ವಯಸ್ಸಾಗುತ್ತ ಕರಗುತ್ತದೆ ಎಂಬುದು ಇವಾಟ ಅವರ ಆತಂಕ. 'ಆಡುವ ಜನರ ಸಂಖ್ಯೆಯನ್ನು ಹಿಗ್ಗಿಸುವುದು' ಅವರ ಘೋಷವಾಯಿತು.

ಮೊದಲು ಕೈಯಲ್ಲಿ ಹಿಡಿದು ಆಡುವ 'ಡಿ.ಎಸ್.' ಯಂತ್ರ 2004ರಲ್ಲಿ ಬಂದಿತು. ತೊಹೊಕು ವಿಶ್ವವಿದ್ಯಾಲಯದ ಮಿದುಳು ತಜ್ಞ ರ್ಯೂತಾ ಕವಾಶಿಮಾ ಅವರ ಹೆಸರಿನಲ್ಲಿ 2005ರಲ್ಲಿ ಹೊರಬಂದ ಮಿದುಳಿನ ಕಸರತ್ತಿನ ಆಟ ಜಪಾನಿನ ವಯೋವೃದ್ಧರನ್ನೂ ಸೆಳೆಯಿತು. 2006ರ ನವೆಂಬರಿನಲ್ಲಿ 'ವೀ' ಅಮೆರಿಕದ ಅಂಗಡಿಗೆ ಬಂದಿತು. ಬೆಲೆ 250 ಡಾಲರ್. ಅದೇ ತಿಂಗಳು ಬಂದ ಸೋನಿಯ 'ಪ್ಲೇಸ್ಟೇಷನ್ 3'ರ ಬೆಲೆ 500 ಮತ್ತು 600 ಡಾಲರ್. ಯೊಕೊಯಿ 1997ರಲ್ಲೇ ತೀರಿಕೊಂಡಿದ್ದರೂ ಅವರ ಸೂತ್ರ ಇಲ್ಲಿ ಮತ್ತೆ ಕೆಲಸ ಮಾಡಿತು. ಒಳಗಿನ ಚಿಪ್ಪು ಹಳೆಯ ಗೇಮ್‌ಕ್ಯೂಬಿನದ್ದೇ ಸುಧಾರಿತ ರೂಪ. ಹೊಸತೆಂದರೆ ಟೀವಿ ರಿಮೋಟಿನಂಥ ಕಂಟ್ರೋಲರ್. ಕೈ ಬೀಸಿದಂತೆ ಪರದೆಯ ಮೇಲೆ ಟೆನಿಸ್ ಬ್ಯಾಟು ಬೀಸುತ್ತಿತ್ತು. ಜಪಾನಿನ ಹೊರಗೆ ಬಹುತೇಕ ಕಡೆ ಯಂತ್ರದ ಜೊತೆಯಲ್ಲೇ ಕೊಟ್ಟ 'ವೀ ಸ್ಪೋರ್ಟ್ಸ್' 8 ಕೋಟಿಗೂ ಹೆಚ್ಚು ಮನೆ ಸೇರಿತು. ವೃದ್ಧಾಶ್ರಮಗಳಲ್ಲಿ ಬೌಲಿಂಗ್ ಪಂದ್ಯಗಳು ನಡೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಯಂತ್ರದ ಒಟ್ಟು ಮಾರಾಟ 10 ಕೋಟಿ ದಾಟಿತು.

ಕಟ್ಟಾ ಆಟಗಾರರಿಗೆ ಏನೂ ಸಿಗಲಿಲ್ಲವೆನ್ನುವುದು ತಪ್ಪು. ಯಂತ್ರದ ಜೊತೆಗೇ 'ಜೆಲ್ಡಾ' ಬಂದಿತು. 2007ರ 'ಸೂಪರ್ ಮಾರಿಯೋ ಗ್ಯಾಲಕ್ಸಿ' ಇಂದಿಗೂ ಶ್ರೇಷ್ಠ ಆಟಗಳ ಸಾಲಿನಲ್ಲಿ ನಿಲ್ಲುತ್ತದೆ. ಹಳೆಯ ಯಂತ್ರಗಳ ಆಟಗಳನ್ನು ಮತ್ತೆ ಕೊಂಡು ಆಡುವ ಸೌಲಭ್ಯವೂ ಇತ್ತು. ಹಾಗಿದ್ದೂ ಕೊರಗು ಉಳಿದದ್ದೇಕೆ?

ನಡುವಿನ ಮೆಟ್ಟಿಲು ಮಾಯ

ಮೊದಲ ಕಾರಣ ತಾಂತ್ರಿಕ. ಪ್ಲೇಸ್ಟೇಷನ್ 2ರ ಕಾಲದಲ್ಲಿ ಮೂರೂ ಕಂಪನಿಗಳ ಯಂತ್ರಗಳ ಸಾಮರ್ಥ್ಯ ಹೆಚ್ಚುಕಡಿಮೆ ಒಂದೇ ಮಟ್ಟದ್ದು. ಒಂದಕ್ಕೆ ಮಾಡಿದ ಆಟವನ್ನು ಇನ್ನೊಂದಕ್ಕೆ ಒಗ್ಗಿಸಬಹುದಿತ್ತು. 2006ರ ನಂತರ ಹಾಗಾಗಲಿಲ್ಲ. ಪ್ಲೇಸ್ಟೇಷನ್ 3 ಮತ್ತು ಮೈಕ್ರೋಸಾಫ್ಟಿನ 'ಎಕ್ಸ್‌ಬಾಕ್ಸ್ 360' ಹೊಸ ಹೈ-ಡೆಫಿನಿಷನ್ ಟೀವಿಗಳಿಗೆ ತಕ್ಕಂತೆ ರೂಪುಗೊಂಡಿದ್ದವು. 'ವೀ' ಹಳೆಯ ಟೀವಿಯ ಮಟ್ಟದಲ್ಲೇ ನಿಂತಿತ್ತು. ಹೊಸ ಮಟ್ಟದ ಆಟ ತಯಾರಿಸುವ ವೆಚ್ಚ ಒಮ್ಮೆಲೇ ಏರಿತು. ಆ ವೆಚ್ಚ ಗಿಟ್ಟಬೇಕಾದರೆ ಒಂದೇ ಆಟವನ್ನು ಎರಡೂ ಯಂತ್ರಗಳಿಗೆ, ಜೊತೆಗೆ ಕಂಪ್ಯೂಟರಿಗೆ ಮಾರಬೇಕು. 'ವೀ'ಗೆ ಅದನ್ನು ಇಳಿಸುವುದೆಂದರೆ ಹೊಸದಾಗಿಯೇ ಮಾಡಿದಂತೆ. ಹೀಗಾಗಿ ಬೇರೆ ಕಂಪನಿಗಳು ತಮ್ಮ ಮುಖ್ಯ ತಂಡಗಳನ್ನು ಆ ಕಡೆಗೆ ಹಾಕಿ, 'ವೀ'ಗೆ ಸಣ್ಣ ತಂಡಗಳಿಂದ ಚಿಲ್ಲರೆ ಆಟಗಳ ಗೊಂಚಲು ಮಾಡಿಸಿದವು.

ಎರಡನೆಯ ಕಾರಣ ಕೊಳ್ಳುವವರ ಅಭ್ಯಾಸ. ಬೌಲಿಂಗಿಗಾಗಿ ಯಂತ್ರ ಕೊಂಡವರಲ್ಲಿ ಬಹಳಷ್ಟು ಜನರಿಗೆ ಬೌಲಿಂಗೇ ಸಾಕಾಗಿತ್ತು. 2009ರಲ್ಲಿ 'ಮ್ಯಾಡ್‌ವರ್ಲ್ಡ್' ಎಂಬ ಕಪ್ಪು-ಬಿಳುಪು ಚಿತ್ರಶೈಲಿಯ ಉಗ್ರ ಆಟವನ್ನು ಸೆಗಾ ಕಂಪನಿ ಪ್ರಕಟಿಸಿತು. ವಿಮರ್ಶಕರು ಮೆಚ್ಚಿದರೂ ಮಾರಾಟ ನಿರಾಶಾದಾಯಕವಾಯಿತು. ಇಂಥ ಒಂದೊಂದು ಸೋಲಿನ ನಂತರವೂ 'ಈ ಯಂತ್ರದಲ್ಲಿ ಕಟ್ಟಾ ಆಟಗಾರರೇ ಇಲ್ಲ' ಎಂದು ಪ್ರಕಾಶಕರು ತೀರ್ಮಾನಿಸಿದರು. ಆಟ ಬಾರದ್ದರಿಂದ ಆಟಗಾರರು ಬೇರೆ ಯಂತ್ರಕ್ಕೆ ಹೋದರು. ಆಟಗಾರರು ಹೋದದ್ದರಿಂದ ಆಟ ಬರಲಿಲ್ಲ. ಒಂದು ತುದಿಯಲ್ಲಿ ಮನೆಮಂದಿಯ ಬೌಲಿಂಗ್, ಇನ್ನೊಂದು ತುದಿಯಲ್ಲಿ ನಿಂಟೆಂಡೊದ ಸ್ವಂತ ಮೇರುಕೃತಿಗಳು ಇದ್ದವು. ಇವೆರಡರ ನಡುವೆ ಇರಬೇಕಾದ ಹತ್ತಾರು ಬಗೆಯ ಮಧ್ಯಮ ಆಟಗಳು ವಿರಳವಾದವು. ಹೊಸಬನೊಬ್ಬ ಏರುತ್ತ ಪಳಗಲು ಬೇಕಾದ ಮೆಟ್ಟಿಲುಗಳು ಅವೇ.

ಮೂರನೆಯದು ಅಭಿರುಚಿಯ ಪ್ರಶ್ನೆ. ಇದನ್ನು 'ಸ್ಮ್ಯಾಷ್ ಬ್ರದರ್ಸ್' ಎಂಬ ಕಾಳಗದ ಆಟದಲ್ಲಿ ಸ್ಪಷ್ಟವಾಗಿ ಕಾಣಬಹುದು. 2001ರಲ್ಲಿ ಗೇಮ್‌ಕ್ಯೂಬಿಗೆ ಬಂದ ಅದರ 'ಮೆಲೀ' ಭಾಗ ಮಿಂಚಿನ ವೇಗದ್ದು. ವರ್ಷಗಟ್ಟಲೆ ಅಭ್ಯಾಸ ಬೇಡುವ ಪಟ್ಟುಗಳು ಅದರಲ್ಲಿದ್ದವು. ಆಟಗಾರರು ತಾವೇ ಪಂದ್ಯಾವಳಿಗಳನ್ನು ಕಟ್ಟಿಕೊಂಡಿದ್ದರು. ನಿರ್ದೇಶಕ ಮಸಾಹಿರೊ ಸಕುರಾಯಿ ಅವರಿಗೆ ಮಾತ್ರ ಅದು ಹೊಸಬರಿಗೆ ತೀರ ಕಷ್ಟವಾಯಿತೆಂಬ ಅಳುಕಿತ್ತು. 2008ರಲ್ಲಿ 'ವೀ'ಗೆ ಬಂದ 'ಬ್ರಾಲ್' ಭಾಗದಲ್ಲಿ ವೇಗ ತಗ್ಗಿತು. ಅಷ್ಟೇ ಅಲ್ಲ, ಓಡಲು ಹೊರಟ ಪಾತ್ರ ಆಗೊಮ್ಮೆ ಈಗೊಮ್ಮೆ ಯಾವ ಕಾರಣವೂ ಇಲ್ಲದೆ ಮುಗ್ಗರಿಸಿ ಬೀಳುವಂತೆ ಮಾಡಲಾಯಿತು! ಹೊಸಬನಿಗೆ ಇದು ತಮಾಷೆ. ಹತ್ತು ಸಾವಿರ ಸಲ ಅಭ್ಯಾಸ ಮಾಡಿದವನಿಗೆ ಇದು ಅವಮಾನ. ಕುಸ್ತಿ ಕಣದಲ್ಲಿ ಪೈಲ್ವಾನರ ಕಾಲ ಕೆಳಗೆ ಬೇಕೆಂದೇ ಬಾಳೆಹಣ್ಣಿನ ಸಿಪ್ಪೆ ಎಸೆದಂತೆ.

'ಬ್ರಾಲ್' 1.3 ಕೋಟಿ ಮಾರಾಟವಾಗಿ 'ಮೆಲೀ'ಯನ್ನು ಬಹಳ ಹಿಂದೆ ಹಾಕಿತು. ಆದರೆ ಕಟ್ಟಾ ಆಟಗಾರರಲ್ಲಿ ಅನೇಕರು ಹಳೆಯ ಗೇಮ್‌ಕ್ಯೂಬ್ ಮತ್ತು ದಪ್ಪ ಗಾಜಿನ ಹಳೆಯ ಟೀವಿಗಳನ್ನು ಹೊತ್ತು ತಂದು 'ಮೆಲೀ'ಯನ್ನೇ ಆಡುತ್ತ ಉಳಿದರು. 2013ರಲ್ಲಿ 'ಇವೊ' ಎಂಬ ಕಾಳಗದ ಆಟಗಳ ಮಹಾಪಂದ್ಯಾವಳಿಗೆ ಯಾವ ಆಟ ಸೇರಬೇಕೆಂದು ನಿರ್ಧರಿಸಲು ಸ್ತನ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಸಂಗ್ರಹಿಸುವ ಸ್ಪರ್ಧೆ ನಡೆಯಿತು. 'ಮೆಲೀ' ಅಭಿಮಾನಿಗಳು 94 ಸಾವಿರ ಡಾಲರಿಗೂ ಹೆಚ್ಚು ಕೂಡಿಸಿ ಹನ್ನೆರಡು ವರ್ಷ ಹಳೆಯ ಆಟವನ್ನು ಗೆಲ್ಲಿಸಿದರು. ನಿಂಟೆಂಡೊ ಮೊದಲು ಆ ಪಂದ್ಯಗಳ ಪ್ರಸಾರ ಬೇಡವೆಂದಿತು. ಆಕ್ಷೇಪ ಜೋರಾದ ಮೇಲೆ ಕೆಲವೇ ಗಂಟೆಗಳಲ್ಲಿ ಒಪ್ಪಿತು. ತನ್ನ ಆಟವನ್ನು ಇಷ್ಟು ಆಳವಾಗಿ ಪ್ರೀತಿಸುವವರ ಜೊತೆ ಹೇಗೆ ವ್ಯವಹರಿಸಬೇಕೆಂದೇ ಕಂಪನಿಗೆ ತಿಳಿದಿರಲಿಲ್ಲ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ದೂರದ ಗೆಳೆಯನೊಡನೆ 'ವೀ'ಯಲ್ಲಿ ಆಡಬೇಕಾದರೆ ಆಟಕ್ಕೊಂದರಂತೆ 12 ಅಂಕಿಗಳ ಗುರುತು ಸಂಖ್ಯೆಯನ್ನು ಪರಸ್ಪರ ಬರೆದುಕೊಳ್ಳಬೇಕಿತ್ತು. ಮಕ್ಕಳ ಸುರಕ್ಷತೆಗೆ ತಂದ ಏರ್ಪಾಡು ಪಳಗಿದವರಿಗೆ ತಲೆನೋವಾಯಿತು.

ಮಳೆಯ ಹೆಸರಿನ ಚಳವಳಿ

ಕಡೆಗಣನೆಯ ಅತ್ಯಂತ ಖಚಿತ ಸಾಕ್ಷಿ 2011ರದ್ದು. ನಿಂಟೆಂಡೊದ ಒಡೆತನಕ್ಕೆ 2007ರಲ್ಲಿ ಬಂದಿದ್ದ 'ಮಾನೊಲಿತ್ ಸಾಫ್ಟ್' ತಂಡ 'ಝೆನೊಬ್ಲೇಡ್ ಕ್ರಾನಿಕಲ್ಸ್' ಎಂಬ ವಿಶಾಲವಾದ ಆಟವನ್ನು ಮಾಡಿತ್ತು. ಹೆಪ್ಪುಗಟ್ಟಿ ನಿಂತ ಇಬ್ಬರು ದೈತ್ಯರ ದೇಹಗಳೇ ಅದರ ಲೋಕ. ಅವರ ಮೈಮೇಲೆ ಬಯಲು, ಕಾಡು, ಊರುಗಳು. 2010ರ ಜೂನ್‌ನಲ್ಲಿ ಜಪಾನಿನಲ್ಲಿ, 2011ರ ಆಗಸ್ಟ್‌ನಲ್ಲಿ ಯೂರೋಪಿನಲ್ಲಿ ಅದು ಬಿಡುಗಡೆಯಾಯಿತು. ಯೂರೋಪಿಗೆಂದು ಇಂಗ್ಲಿಷ್ ಅನುವಾದ, ಧ್ವನಿಮುದ್ರಣ ಎಲ್ಲವೂ ಆಗಿತ್ತು. ಆದರೂ ಅಮೆರಿಕದಲ್ಲಿ ಬಿಡುಗಡೆ ಮಾಡುವ ಯೋಜನೆ ಇಲ್ಲ ಎಂದು ಅಲ್ಲಿನ ಶಾಖೆ ಹೇಳಿತು. ಮೂವತ್ತು ಕೋಟಿ ಜನರ, ಇಂಗ್ಲಿಷ್ ಮಾತಾಡುವ ದೇಶಕ್ಕೆ ಇಂಗ್ಲಿಷಿನಲ್ಲಿ ಸಿದ್ಧವಿದ್ದ ಆಟ ಬರುವುದಿಲ್ಲ!

ಇದರ ಜೊತೆಗೆ 'ದಿ ಲಾಸ್ಟ್ ಸ್ಟೋರಿ' ಮತ್ತು 'ಪಂಡೋರಾಸ್ ಟವರ್' ಎಂಬ ಇನ್ನೆರಡು ಆಟಗಳಿಗೂ ಅದೇ ಗತಿಯಾಗಿತ್ತು. ಆಗ ಅಭಿಮಾನಿಗಳು 'ಆಪರೇಷನ್ ರೇನ್‌ಫಾಲ್' ಎಂಬ ಹೆಸರಿನಲ್ಲಿ ಒಟ್ಟುಗೂಡಿದರು. ಕಂಪನಿಗೆ ಪತ್ರ, ದೂರವಾಣಿ, ಇ-ಮೇಲ್‌ಗಳ ಸುರಿಮಳೆಯಾಯಿತು. ಅಮೆಜಾನ್ ಅಂಗಡಿಯಲ್ಲಿ ಝೆನೊಬ್ಲೇಡನ್ನು ಮೂಲ ಹೆಸರಿನಲ್ಲಿ ಮುಂಗಡ ಕಾದಿರಿಸಲು ಅವಕಾಶವಿದ್ದುದನ್ನು ಗಮನಿಸಿ, ಬರುವುದೇ ಅನುಮಾನವಿದ್ದ ಆಟವನ್ನು ಅಲ್ಲಿನ ಆಟಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿಸಿದರು. ಕಂಪನಿ ಕೊನೆಗೆ ಮಣಿಯಿತು. 2012ರ ಏಪ್ರಿಲ್‌ನಲ್ಲಿ ಝೆನೊಬ್ಲೇಡ್ ಅಮೆರಿಕಕ್ಕೆ ಬಂದಿತು. ಉಳಿದೆರಡನ್ನು ಬೇರೊಂದು ಸಣ್ಣ ಪ್ರಕಾಶಕ ಸಂಸ್ಥೆ ತಂದಿತು. 1986ರ ಕಷ್ಟದ ಮಾರಿಯೋ, 1990ರ ದಶಕದ 'ಫೈನಲ್ ಫ್ಯಾಂಟಸಿ' ಎದುರಿಸಿದ್ದ ಅದೇ ಅಳುಕು ಕಾಲು ಶತಮಾನದ ನಂತರವೂ ಅಳಿಸಿರಲಿಲ್ಲ.

ದುಬಾರಿ ಯಂತ್ರ ಮಾಡಿದವರು ಹೆಚ್ಚು ನಿಷ್ಠಾವಂತರಾಗಿದ್ದರೆಂದು ಇದರಿಂದ ತಿಳಿಯಬೇಕಾಗಿಲ್ಲ. 2009ರಲ್ಲಿ ಸೋನಿ ಜಪಾನಿನಲ್ಲಿ ಪ್ರಕಟಿಸಿದ 'ಡೀಮನ್ಸ್ ಸೋಲ್ಸ್' ಎಂಬ ಕಠಿಣ ಆಟವನ್ನು ಅಮೆರಿಕಕ್ಕೆ ತಂದದ್ದು ಸೋನಿಯಲ್ಲ, ಅಟ್ಲಸ್ ಎಂಬ ಚಿಕ್ಕ ಕಂಪನಿ. ಅದೇ ಪರಂಪರೆಯಲ್ಲಿ 2022ರಲ್ಲಿ ಬಂದ 'ಎಲ್ಡನ್ ರಿಂಗ್' 2.5 ಕೋಟಿಗೂ ಹೆಚ್ಚು ಮಾರಾಟವಾಯಿತು. ಮೈಕ್ರೋಸಾಫ್ಟ್ ಕೂಡ 'ವೀ'ಯನ್ನು ಕಂಡು 2010ರಲ್ಲಿ ಮೈಚಲನೆ ಗುರುತಿಸುವ 'ಕಿನೆಕ್ಟ್' ಕ್ಯಾಮರಾ ತಂದಿತು. 2013ರ 'ಎಕ್ಸ್‌ಬಾಕ್ಸ್ ಒನ್' ಯಂತ್ರದ ಜೊತೆ ಅದನ್ನು ಕಡ್ಡಾಯ ಮಾಡಿ 500 ಡಾಲರ್ ಬೆಲೆಯಿಟ್ಟು, ಅನಾವರಣದಲ್ಲಿ ಆಟಕ್ಕಿಂತ ಟೀವಿಯ ಮಾತನ್ನೇ ಹೆಚ್ಚು ಆಡಿತು. 400 ಡಾಲರಿನ ಪ್ಲೇಸ್ಟೇಷನ್ 4 ಅದನ್ನು ಹಿಂದಿಕ್ಕಿತು. 2014ರಲ್ಲಿ ಮೈಕ್ರೋಸಾಫ್ಟ್ ಕಿನೆಕ್ಟನ್ನು ಬೇರ್ಪಡಿಸಬೇಕಾಯಿತು.

ಯಾರು ಉಳಿದರು?

ನಿಂಟೆಂಡೊಗೆ ಪಾಠ ಕಲಿಸಿದ್ದು ಮೊಬೈಲ್ ಫೋನು. 2008ರಲ್ಲಿ ಐಫೋನಿಗೆ ಆಟಗಳ ಮಳಿಗೆ ತೆರೆದ ಮೇಲೆ ಬಿಡುವಿನ ಆಟಗಾರರು ನಿಧಾನವಾಗಿ ಆ ಕಡೆ ಸರಿದರು. ಬೌಲಿಂಗಿಗಾಗಿ ಬಂದಿದ್ದವರಿಗೆ ಇನ್ನೊಂದು ಪೆಟ್ಟಿಗೆ ಕೊಳ್ಳುವ ಅಗತ್ಯ ಕಾಣಲಿಲ್ಲ. 2012ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಕಂಪನಿ ಸುಮಾರು 4,300 ಕೋಟಿ ಯೆನ್ ನಷ್ಟ ಕಂಡಿತು. ಅದೇ ವರ್ಷದ ಕೊನೆಗೆ ಬಂದ 'ವೀ ಯು' ಯಂತ್ರ ಒಟ್ಟು 1.35 ಕೋಟಿಯಷ್ಟೇ ಮಾರಾಟವಾಯಿತು. ಹಿಂದಿನದರ ಏಳನೆಯ ಒಂದು ಭಾಗ. ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. 2015ರ ಜುಲೈನಲ್ಲಿ ಅನಾರೋಗ್ಯದಿಂದ ತೀರಿಕೊಂಡರು.

ಆ ಕೆಟ್ಟ ದಿನಗಳಲ್ಲಿ ಕಂಪನಿಯ ಜೊತೆ ಉಳಿದವರಲ್ಲಿ ಹೆಚ್ಚಿನವರು, ಕಡೆಗಣಿಸಲ್ಪಟ್ಟೆವೆಂದು ದೂರಿದ್ದ ಹಳೆಯ ಅಭಿಮಾನಿಗಳೇ. ಅವರಿಗಾಗಿ ಮಾಡಿದ ಆಟಗಳೇ ಮುಂದೆ ಬಂಡವಾಳವಾದವು. 2014ರಲ್ಲಿ 'ವೀ ಯು'ಗೆ ಬಂದಿದ್ದ 'ಮಾರಿಯೋ ಕಾರ್ಟ್ 8' ಓಟದ ಆಟವನ್ನು 2017ರಲ್ಲಿ ಹೊಸ 'ಸ್ವಿಚ್' ಯಂತ್ರಕ್ಕೆ ತಂದಾಗ 6 ಕೋಟಿಗೂ ಹೆಚ್ಚು ಜನ ಕೊಂಡರು. 2014ರ 'ಸ್ಮ್ಯಾಷ್ ಬ್ರದರ್ಸ್'ನಲ್ಲಿ ಕಾರಣವಿಲ್ಲದೆ ಮುಗ್ಗರಿಸುವುದನ್ನು ತೆಗೆದುಹಾಕಲಾಯಿತು. ಸ್ವಿಚ್‌ನೊಂದಿಗೆ 2017ರ ಮಾರ್ಚ್‌ನಲ್ಲಿ ಬಂದ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' 3 ಕೋಟಿ ದಾಟಿತು. ಆ ಆಟದ ವಿಶಾಲ ಬಯಲುಗಳನ್ನು ಕಟ್ಟಲು ನೆರವಾದವರು ಝೆನೊಬ್ಲೇಡ್ ಮಾಡಿದ್ದ ಅದೇ ಮಾನೊಲಿತ್ ಸಾಫ್ಟ್ ತಂಡದವರು. ಅಮೆರಿಕಕ್ಕೆ ತರಲು ಯೋಗ್ಯವಲ್ಲವೆಂದು ಬದಿಗಿಟ್ಟಿದ್ದ ಕಸುಬು ಕೊನೆಗೆ ಕಂಪನಿಯ ಮಾನ ಉಳಿಸಿತು.

ಸ್ವಿಚ್ 15 ಕೋಟಿ ದಾಟಿದ ಯಂತ್ರ. ಅದರಲ್ಲಿ 2020ರ ಲಾಕ್‌ಡೌನ್ ದಿನಗಳಲ್ಲಿ ಮನೆಮಂದಿಯೆಲ್ಲ ಆಡಿದ 'ಅನಿಮಲ್ ಕ್ರಾಸಿಂಗ್' ಇತ್ತು, ವ್ಯಾಯಾಮದ ಆಟವಿತ್ತು, ಝೆನೊಬ್ಲೇಡಿನ ಮೂರೂ ಭಾಗಗಳಿದ್ದವು. ಇತರ ಕಂಪನಿಗಳ, ಸಣ್ಣಪುಟ್ಟ ತಂಡಗಳ ಆಟಗಳೂ ಹೇರಳವಾಗಿ ಬಂದವು. ನಡುವಿನ ಮೆಟ್ಟಿಲುಗಳು ಮತ್ತೆ ಕಾಣಿಸಿಕೊಂಡವು. ಹಾಗೆಂದು ಶಕ್ತಿಯಲ್ಲಿ ಅದೂ ಎದುರಾಳಿಗಳಿಗಿಂತ ಹಿಂದೆಯೇ. ಸೂತ್ರ ಯೊಕೊಯಿಯದ್ದೇ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ದೂರಿನಲ್ಲಿ ಅರ್ಧ ಸತ್ಯವಿದೆ. ಬಾಗಿಲು ಅಗಲವಾದದ್ದರಿಂದ ಕಟ್ಟಾ ಆಟಗಾರರಿಗೆ ಅನ್ಯಾಯವಾಗಲಿಲ್ಲ. ಫ್ಯಾಮಿಕಾಮ್, ಪ್ಲೇಸ್ಟೇಷನ್, ಸ್ವಿಚ್ ಮೂರೂ ಅದಕ್ಕೆ ಸಾಕ್ಷಿ. ಬಾಗಿಲೊಳಗೆ ಬಂದವನು ಮುಂದೆ ಏರಲು ಮೆಟ್ಟಿಲೇ ಇಲ್ಲದಂತಾದಾಗ, ಜನಕ್ಕೆ ಇಷ್ಟು ಸಾಕು ಎಂದು ಮಾರುವವನೇ ತೀರ್ಮಾನಿಸಿಬಿಟ್ಟಾಗ ಅನ್ಯಾಯವಾಯಿತು. ಅದರಿಂದ ನಷ್ಟವಾದದ್ದು ಪಳಗಿದವರಿಗೆ ಮಾತ್ರವಲ್ಲ. 2006ರಲ್ಲಿ ರಿಮೋಟ್ ಬೀಸಿ ಮೊದಲ ಬಾರಿ ನಕ್ಕ ಕೋಟ್ಯಂತರ ಹೊಸಬರಲ್ಲಿ ಎಷ್ಟೋ ಜನ ಒಳ್ಳೆಯ ಆಟಗಾರರಾಗಬಹುದಿತ್ತು. ಅವರ ಮುಂದೆ ಎರಡನೆಯ ಆಟವನ್ನು ಇಡುವವರು ಇರಲಿಲ್ಲ.